ಕೈಗೆ ಹತ್ತುವ ನೀಲಿ, ಕಿಟಕಿಯಲ್ಲಿ ಮಾಸುವ ಗುಲಾಬಿ

ಪ್ರಶ್ನೆ: ಮೂರು ವರ್ಷದಿಂದ ಚಿಕ್ಕದೊಂದು ನೂಲಿನ ಅಂಗಡಿ ನಡೆಸುತ್ತಿದ್ದೇನೆ. ಹೆಣಿಗೆ, ಕ್ರೋಶಾ ಮಾಡುವವರೇ ನನ್ನ ಗಿರಾಕಿಗಳು. ಕಳೆದ ವರ್ಷ ಗಿಡಗಳ ಬಣ್ಣ ಹಾಕಿದ ಉಣ್ಣೆ ನೂಲು ಅರವತ್ತು ಲಡಿ ತರಿಸಿದೆ. ಮಿಲ್ಲಿನ ನೂಲಿಗಿಂತ ಮೂರು ಪಟ್ಟು ದುಬಾರಿ, ಆದರೂ ಜನ ಮುಗಿಬಿದ್ದು ಕೊಂಡರು. ಈಗ ಒಂದೊಂದೇ ದೂರು ಬರುತ್ತಿದೆ. ಒಬ್ಬರಿಗೆ ಹೆಣೆಯುವಾಗಲೇ ಬೆರಳು, ಬಿದಿರಿನ ಕಡ್ಡಿ ಎಲ್ಲಾ ನೀಲಿ. ಇನ್ನೊಬ್ಬರ ಹಳದಿ ಶಾಲು ಭುಜದ ಮೇಲೆ ಬಿಳಿಚಿಕೊಂಡಿದೆ, ಒಳಮಡಿಕೆಯಲ್ಲಿ ಮಾತ್ರ ಹಳದಿ ಉಳಿದಿದೆ. ಮತ್ತೊಬ್ಬರು ಕೆಂಪು ಟೋಪಿ ಒಗೆದರೆ ನೇರಳೆ ಆಯಿತಂತೆ. ನಾನೇ ಶೋಕೇಸಿನಲ್ಲಿಟ್ಟ ಗುಲಾಬಿ ಲಡಿಗಳು ಒಂದು ಮಗ್ಗುಲಲ್ಲಿ ಮಾಸಿಹೋಗಿವೆ. ಬಣ್ಣ ಹಾಕಿದವರನ್ನು ಕೇಳಿದರೆ ‘ನ್ಯಾಚುರಲ್ ಅಂದ್ರೆ ಹಾಗೇನೇ, ಉಪ್ಪು-ವಿನೆಗರ್ ನೀರಲ್ಲಿ ನೆನೆಸಿ’ ಅನ್ನುತ್ತಾರೆ. ‘ಕೆಮಿಕಲ್ ಇಲ್ಲ ತಾನೇ?’ ಎಂದು ಗಿರಾಕಿಗಳು ಕೇಳಿದಾಗ ಮೊದಲು ಧೈರ್ಯವಾಗಿ ‘ಇಲ್ಲವೇ ಇಲ್ಲ’ ಅನ್ನುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಈ ನೂಲು ತರಿಸುವುದನ್ನೇ ನಿಲ್ಲಿಸಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ನಾಲ್ಕನ್ನೂ ನೀವು ‘ಬಣ್ಣ ಹೋಯಿತು’ ಅನ್ನುವ ಒಂದೇ ಗಂಟಿಗೆ ಕಟ್ಟಿದ್ದೀರಿ. ಬಣ್ಣ ಹಾಕಿದವರು ಆ ಗಂಟಿನ ಮೇಲೇ ಉಪ್ಪು-ವಿನೆಗರ್ ಸುರಿದರು. ಆದರೆ ಇವು ನಾಲ್ಕು ಬೇರೆ ಬೇರೆ ಕಾಯಿಲೆ. ಒಂದು ಸುಲಭಕ್ಕೆ ವಾಸಿಯಾಗುತ್ತದೆ. ಇನ್ನೊಂದರಲ್ಲಿ ತಪ್ಪು ಬಣ್ಣದ್ದಲ್ಲ, ಸೋಪಿನದು. ಉಳಿದ ಎರಡಕ್ಕೆ ಮದ್ದಿಲ್ಲ, ಆ ನೂಲನ್ನು ಕೊಳ್ಳಲೇಬಾರದಿತ್ತು. ಇಪ್ಪತ್ತು ವರ್ಷ ಉಣ್ಣೆಗೆ ಬಣ್ಣ ಹಾಕಿ, ಅದರಲ್ಲಿ ಅರ್ಧ ಕಾಲ ಅಂಗಡಿಯನ್ನೂ ನಡೆಸಿದವನು ನಾನು. ಕೌಂಟರಿನ ಎರಡೂ ಬದಿಯಲ್ಲಿ ನಿಂತು ಬೈಸಿಕೊಂಡಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲು ನೀಲಿ. ಬೇರೆ ಬಹುಪಾಲು ಬಣ್ಣಗಳು ನೀರಿನಲ್ಲಿ ಕರಗಿ ಎಳೆಯೊಳಗೆ ಇಳಿಯುತ್ತವೆ. ನೀಲಿ, ಅಂದರೆ ಇಂಡಿಗೊ, ನೀರಿನಲ್ಲಿ ಕರಗುವುದೇ ಇಲ್ಲ. ಅದಕ್ಕೆ ಕ್ಷಾರದ ನೀರು ಬೇಕು, ಆ ನೀರಿನಲ್ಲಿ ಆಮ್ಲಜನಕ ಇರಬಾರದು. ಹಂಡೆ ಸರಿಯಾಗಿ ಹದಕ್ಕೆ ಬಂದಾಗ ಒಳಗಿನ ನೀರು ಹಳದಿ-ಹಸಿರು ಇರುತ್ತದೆ, ಮೇಲೆ ತಾಮ್ರದ ಮಿಂಚಿನ ಕೆನೆ ಕಟ್ಟಿರುತ್ತದೆ. ಲಡಿಯನ್ನು ಮುಳುಗಿಸಿ ಮೇಲೆತ್ತಿದಾಗ ಅದೂ ಹಸಿರು. ಗಾಳಿ ತಾಗಿದಂತೆ ನೋಡನೋಡುತ್ತಿದ್ದಂತೆ ಅಂಚಿನಿಂದ ನೀಲಿಗೆ ತಿರುಗುತ್ತದೆ. ಇದನ್ನು ಸಾವಿರ ಸಲ ನೋಡಿದ್ದೇನೆ, ಇವತ್ತಿಗೂ ಕೈ ಒರೆಸಿಕೊಳ್ಳುವುದನ್ನು ಮರೆತು ನಿಂತುಬಿಡುತ್ತೇನೆ.

ನಿಮ್ಮ ದೂರಿನ ಮೂಲ ಇರುವುದೂ ಅಲ್ಲೇ. ನೀಲಿಗೆ ತಿರುಗಿದ ಕ್ಷಣ ಬಣ್ಣ ಮತ್ತೆ ಕರಗದ ಪುಡಿಯಾಗುತ್ತದೆ. ಎಳೆಯ ಒಳಗೆ ಸಿಕ್ಕಿಬಿದ್ದಿದ್ದು ಅಲ್ಲೇ ಉಳಿಯುತ್ತದೆ. ಮೇಲ್ಮೈಯಲ್ಲಿ ಕೂತಿದ್ದು ಸೀಮೆಸುಣ್ಣದ ಪುಡಿ ಇದ್ದ ಹಾಗೆ, ಉಜ್ಜಿದರೆ ಬರುತ್ತದೆ. ಬಣ್ಣ ತೆಳುವಾಗಿರುವ ಹಂಡೆಯಲ್ಲಿ ನಾಲ್ಕಾರು ಸಲ ಅದ್ದಿ, ಪ್ರತಿ ಸಲ ಗಾಳಿಗೆ ಹಿಡಿದು ಗಾಢ ಮಾಡಿದರೆ ಬಣ್ಣ ಒಳಗೆ ಇಳಿಯುತ್ತದೆ. ಟೈಮ್ ಉಳಿಸಲು ದಟ್ಟ ಹಂಡೆಯಲ್ಲಿ ಒಂದೇ ಸಲ ಅದ್ದಿ ತೆಗೆದರೆ ಮೇಲೆ ಕೂರುತ್ತದೆ. ನಿಮಗೆ ಬಂದಿರುವುದು ಎರಡನೆಯ ಬಗೆಯದು, ಜೊತೆಗೆ ಸರಿಯಾಗಿ ತೊಳೆದೂ ಇಲ್ಲ ಅನಿಸುತ್ತದೆ. ಹೊಸ ಜೀನ್ಸ್ ಹಾಕಿಕೊಂಡು ಬಿಳಿ ಸೋಫಾ ಮೇಲೆ ಕೂತವರಿಗೆ ಈ ಕಾಯಿಲೆ ಗೊತ್ತು. ಜೀನ್ಸಿನದೂ ಇಂಡಿಗೊನೇ ಅಲ್ವಾ.

ಸಮಾಧಾನ ಏನೆಂದರೆ ಒಳಗೆ ಇಳಿದ ನೀಲಿ ಉಣ್ಣೆಯಲ್ಲಿ ಬಹಳ ಗಟ್ಟಿ. ಬಿಸಿಲಿಗೂ ತಡೆಯುತ್ತದೆ, ನೀರಿಗೂ ತಡೆಯುತ್ತದೆ. ಕೈಗೆ ಹತ್ತುವುದು ಬೇರೆ, ಮಾಸುವುದು ಬೇರೆ. ಉಳಿದಿರುವ ನೀಲಿ ಲಡಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಉಣ್ಣೆಗೆಂದೇ ಇರುವ ಲಿಕ್ವಿಡ್ ಸೋಪು ಹಾಕಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಉಜ್ಜಬೇಡಿ, ಹಿಂಡಿ ತಿರುಚಬೇಡಿ, ಸುಮ್ನೆ ಅದುಮಿ. ಉಣ್ಣೆಯ ಮೈಮೇಲೆ ಹೆಂಚು ಹೊದಿಸಿದ ಹಾಗೆ ಪದರಗಳಿರುತ್ತವೆ. ಬಿಸಿ ಮತ್ತು ಉಜ್ಜಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ನೂಲು ಕಂಬಳಿಯಾಗುತ್ತದೆ. ದೂರು ಕೊಟ್ಟ ಗಿರಾಕಿಗೂ ಇದನ್ನೇ ಹೇಳಿ. ಹೆಣಿಗೆ ಮುಗಿಸಿ ತೊಳೆದ ಮೇಲೆ ಶೇಕಡಾ ತೊಂಬತ್ತು ತೊಂದರೆ ಇರುವುದಿಲ್ಲ. ಅಲ್ಲಿಯ ತನಕ ಬಿದಿರಿನ ಕಡ್ಡಿ ಬಿಟ್ಟು ಸ್ಟೀಲಿನ ಕಡ್ಡಿ ಹಿಡಿಯಲಿ.

ಎರಡನೆಯದು ನೇರಳೆಯಾದ ಟೋಪಿ. ಆ ಕೆಂಪು ಅರಗಿನದೋ ಕಾಚಿನೀಲ್ ಹುಳುವಿನದೋ ಆಗಿರಬೇಕು. ಎರಡೂ ಕೀಟದಿಂದ ಬರುವ ಬಣ್ಣ, ಎರಡೂ ಹುಳಿ-ಕ್ಷಾರಕ್ಕೆ ಬಣ್ಣ ಬದಲಿಸುತ್ತವೆ. ಹುಳಿ ಬಿದ್ದರೆ ಕಿತ್ತಳೆಯ ಕಡೆಗೆ, ಕ್ಷಾರ ಬಿದ್ದರೆ ನೇರಳೆಯ ಕಡೆಗೆ ವಾಲುತ್ತವೆ. ಬಟ್ಟೆ ಒಗೆಯುವ ಮಾಮೂಲಿ ಪೌಡರ್ ಕ್ಷಾರ. ಹಾಗಾಗಿ ನಿಮ್ಮ ಗಿರಾಕಿಯ ಟೋಪಿಯಲ್ಲಿ ಬಣ್ಣ ಎಲ್ಲೂ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೆ. ಒಂದು ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಅದ್ದಿದರೆ ಬಹುಪಾಲು ಮೊದಲಿನ ಕೆಂಪಿಗೆ ಬರುತ್ತದೆ. ಮೊದಲು ಒಂದು ಮೂಲೆ ಮಾತ್ರ ಅದ್ದಿ ನೋಡಲು ಹೇಳಿ.

ಇದರಲ್ಲಿ ನನ್ನದೇ ಒಂದು ಪ್ರಸಂಗವಿದೆ. ಅಂಗಡಿ ತೆರೆದ ಹೊಸತರಲ್ಲಿ ಪ್ರದರ್ಶನಕ್ಕೆಂದು ಕಾಚಿನೀಲ್ ಬಣ್ಣದ ಒಂದು ಶಾಲು ಹೆಣೆದಿದ್ದೆ, ಎರಡು ತಿಂಗಳ ಕೆಲಸ. ಹಿಂದಿನ ರಾತ್ರಿ ಆತುರದಲ್ಲಿ ಕೈಗೆ ಸಿಕ್ಕ ವಾಷಿಂಗ್ ಪೌಡರಿನಲ್ಲಿ ನೆನೆಸಿದೆ. ಬೆಳಿಗ್ಗೆ ನೋಡಿದರೆ ಬದನೆಕಾಯಿ ಬಣ್ಣ. ವಿನೆಗರಿನಿಂದ ಕೆಂಪೇನೋ ವಾಪಸ್ ಬಂತು, ಆದರೆ ನೂಲಿನ ಜೀವ ಹೋಗಿತ್ತು. ಅಂಥ ಪೌಡರುಗಳಲ್ಲಿ ಕಲೆ ತೆಗೆಯಲು ಪ್ರೊಟೀನ್ ತಿನ್ನುವ ಕಿಣ್ವ ಹಾಕಿರುತ್ತಾರೆ. ಉಣ್ಣೆ ಅಂದರೆ ಪ್ರೊಟೀನೇ. ಅದಕ್ಕೆ ಕಲೆ ಯಾವುದು, ಶಾಲು ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಈ ಎಚ್ಚರಿಕೆ ಗಿಡದ ಬಣ್ಣಕ್ಕೆ ಮಾತ್ರ ಅಲ್ಲ, ನಿಮ್ಮ ಅಂಗಡಿಯ ಎಲ್ಲಾ ಉಣ್ಣೆಗೂ ಬೇಕು.

ವಿನೆಗರ್ ನಾಲ್ಕರಲ್ಲಿ ಒಂದಕ್ಕೆ ಕೆಲಸ ಮಾಡಿತು ನೋಡಿ. ಅದಕ್ಕೇ ಈ ನಂಬಿಕೆ ಸಾಯುವುದಿಲ್ಲ. ಮಿಲ್ಲಿನ ಆಸಿಡ್ ಬಣ್ಣಗಳನ್ನು ಉಣ್ಣೆಗೆ ಹಾಕುವಾಗ ಕುದಿಯುವ ಹಂಡೆಗೆ ವಿನೆಗರ್ ಸೇರಿಸುತ್ತಾರೆ. ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಸೇರಿಸುತ್ತಾರೆ. ಎರಡೂ ಬಣ್ಣ ಹತ್ತುವ ಹೊತ್ತಿನಲ್ಲಿ ಸಹಾಯ ಮಾಡುತ್ತವೆ. ಹಾಕಿ ಮುಗಿದ ಬಣ್ಣವನ್ನು ಆಮೇಲೆ ತಣ್ಣೀರಿನಲ್ಲಿ ಕಟ್ಟಿಹಾಕುವ ಶಕ್ತಿ ಎರಡಕ್ಕೂ ಇಲ್ಲ. ಕೈಗೆ ಹತ್ತುವ ನೀಲಿಗೆ ವಿನೆಗರ್ ಹಾಕಿದರೆ ವಿನೆಗರ್ ವಾಸನೆಯ ನೀಲಿ ಕೈಗೆ ಹತ್ತುತ್ತದೆ.

ಈಗ ಹಳದಿ ಶಾಲು. ಭುಜ ಬಿಳಿಚಿ ಮಡಿಕೆ ಉಳಿದಿದೆ ಅಂದರೆ ಅದು ಬೆಳಕಿನ ಕೆಲಸ, ಅನುಮಾನವೇ ಬೇಡ. ಬಣ್ಣ ಹಾಕಿದವರನ್ನು ಯಾವ ಗಿಡ ಎಂದು ಕೇಳಿ. ಅರಿಶಿನ ಅಂದರೆ ಅಲ್ಲಿಗೇ ಉತ್ತರ ಸಿಕ್ಕಿತು. ಅರಿಶಿನದಷ್ಟು ಸುಲಭವಾಗಿ ಹತ್ತುವ ಬಣ್ಣ ಇನ್ನೊಂದಿಲ್ಲ, ಯಾವ ಪೂರ್ವಸಿದ್ಧತೆಯೂ ಬೇಡ, ಮೊದಲ ದಿನ ಕಣ್ಣು ಕೋರೈಸುತ್ತದೆ. ಆದರೆ ಬೆಳಕಿಗೆ ತಾಳುವುದೇ ಇಲ್ಲ. ಬಣ್ಣದ ಕೆಲಸ ಹೊಸದಾಗಿ ಕಲಿತವರು ಇದರಿಂದಲೇ ಶುರು ಮಾಡುತ್ತಾರೆ, ಕೆಲವರು ಇಲ್ಲೇ ನಿಂತುಬಿಡುತ್ತಾರೆ. ಚೆಂಡುಹೂ, ಈರುಳ್ಳಿ ಸಿಪ್ಪೆಯನ್ನು ಮೊದಲೇ ಪಟಿಕ ಹಿಡಿಸಿದ ಉಣ್ಣೆಗೆ ಹಾಕಿದರೆ ತಾಳಿಕೆ ಮಧ್ಯಮ. ದಾಳಿಂಬೆ ಸಿಪ್ಪೆ ಇನ್ನೂ ಸ್ವಲ್ಪ ವಾಸಿ, ಆದರೆ ಮಂಕು ಹಳದಿ. ಯೂರೋಪಿನ ಬಣ್ಣಗಾರರು ವೆಲ್ಡ್ ಎಂಬ ಗಿಡವನ್ನು ನೆಚ್ಚಿದ್ದರು, ಹಳೆಯ ಹಳದಿಗಳಲ್ಲಿ ಗಟ್ಟಿಯದು ಎಂದು ಅದಕ್ಕೆ ಹೆಸರು.

ಹಾಗಂತ ಅದೂ ಸೂರ್ಯನನ್ನು ಗೆಲ್ಲಲಿಲ್ಲ. ಯೂರೋಪಿನ ಹಳೆಯ ಗೋಡೆ ಚಿತ್ರಗಂಬಳಿಗಳನ್ನು ನೋಡಿದ್ದರೆ ಹುಲ್ಲು, ಮರದ ಎಲೆಗಳೆಲ್ಲ ನೀಲಿ ಇರುವುದು ಗಮನಕ್ಕೆ ಬಂದಿರಬಹುದು. ನೇಯ್ದವರಿಗೇನೂ ಕಣ್ಣಿನ ದೋಷವಿರಲಿಲ್ಲ. ನೀಲಿಯ ಮೇಲೆ ಹಳದಿ ಹಾಕಿ ಹಸಿರು ಮಾಡಿದ್ದರು. ಶತಮಾನಗಳಲ್ಲಿ ಹಳದಿ ಹಾರಿಹೋಯಿತು, ನೀಲಿ ಉಳಿಯಿತು. ನಿಮ್ಮ ದೂರಿನ ಶಾಲಿನಲ್ಲಿ ಆಗಿದ್ದೂ ಅದೇ, ಬೇಗ ಆಯಿತು ಅಷ್ಟೆ.

ಇದಕ್ಕೆ ತದ್ವಿರುದ್ಧ ಉದಾಹರಣೆಯಾಗಿ ಎಲ್ಲರೂ ಪಜಿರಿಕ್ ರತ್ನಗಂಬಳಿಯನ್ನು ತೋರಿಸುತ್ತಾರೆ. 1949ರಲ್ಲಿ ಸೈಬೀರಿಯದ ಆಲ್ಟಾಯ್ ಪರ್ವತಗಳ ಒಂದು ಸಮಾಧಿಯಲ್ಲಿ ಸಿಕ್ಕಿದ್ದು, ಸುಮಾರು 2400 ವರ್ಷ ಹಳೆಯದು, ಉಣ್ಣೆಯದು. ಅದರ ಕೆಂಪು ಇಂದಿಗೂ ಕೆಂಪೇ. ‘ನೋಡಿ, ಗಿಡದ ಬಣ್ಣ ಸಾವಿರಾರು ವರ್ಷ ಬಾಳುತ್ತದೆ’ ಎನ್ನುತ್ತಾರೆ. ಅದು ಅಷ್ಟೂ ಕಾಲ ಮಂಜುಗಡ್ಡೆಯೊಳಗೆ, ಕತ್ತಲಲ್ಲಿ ಇತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಿಮ್ಮ ಶೋಕೇಸಿನಲ್ಲಿ ಇಟ್ಟಿದ್ದರೆ ಆಗ ನೋಡಬೇಕಿತ್ತು.

ಶೋಕೇಸು ಅಂದಾಗ ಆ ಗುಲಾಬಿ ಲಡಿಗಳ ಮಾತು. ಇದರಲ್ಲಿ ಎರಡು ತಪ್ಪು ಕೂಡಿವೆ. ಒಂದು ನಿಮ್ಮದು, ಬಿಸಿಲು ಬೀಳುವ ಗಾಜಿನ ಹಿಂದೆ ನೂಲು ಇಟ್ಟಿದ್ದೀರಿ. ಮಿಲ್ಲಿನ ನೂಲನ್ನೂ ಹಾಗೆ ಇಡಬಾರದು. ಗಾಜು ಅತಿನೇರಳೆ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಒಡೆಯುತ್ತದೆ. ಇನ್ನೊಂದು ತಪ್ಪು ಬಣ್ಣ ಹಾಕಿದವರದು. ಅಷ್ಟು ಬೇಗ ಬಿಳಿಚುವ ಗುಲಾಬಿ ಬೀಟ್‌ರೂಟಿನದೋ ಯಾವುದೋ ಹೂವು, ಹಣ್ಣಿನದೋ ಇರಬೇಕು. ಬೀಟ್‌ರೂಟ್ ಹೆಚ್ಚುವಾಗ ಕೈಗೆ ಹತ್ತುವುದು ಬಣ್ಣ ಅಲ್ಲ, ಕಲೆ. ಎಳೆಯ ಜೊತೆ ಅದಕ್ಕೆ ಗಟ್ಟಿ ನಂಟಿಲ್ಲ. ಮಂಜಿಷ್ಠದ ಬೇರಿನಿಂದಲೂ ಗುಲಾಬಿ ಬರುತ್ತದೆ, ಅದು ಎಷ್ಟೋ ಗಟ್ಟಿ. ಆದರೂ ಒಂದು ನೆನಪಿರಲಿ. ಒಂದೇ ಗಿಡದ ಬಣ್ಣವಾದರೂ ತೆಳು ಛಾಯೆ ಗಾಢ ಛಾಯೆಗಿಂತ ಬೇಗ ಮಾಸಿದಂತೆ ಕಾಣುತ್ತದೆ. ಕಳೆದುಕೊಳ್ಳಲು ಅದರ ಹತ್ತಿರ ಇರುವುದೇ ಕಡಿಮೆ.

ಇನ್ನು ನಿಮ್ಮ ಬಾಯಿ ಕಟ್ಟಿಸಿದ ಪ್ರಶ್ನೆ, ‘ಕೆಮಿಕಲ್ ಇಲ್ಲ ತಾನೇ?’

ಇದೆ. ಇರಲೇಬೇಕು. ನೀಲಿ, ಅರಿಶಿನದಂಥ ಕೆಲವನ್ನು ಬಿಟ್ಟರೆ ಗಿಡದ ಬಣ್ಣ ಉಣ್ಣೆಯನ್ನು ತಾನಾಗಿ ಹಿಡಿದುಕೊಳ್ಳುವುದಿಲ್ಲ. ನಡುವೆ ಒಂದು ಲೋಹದ ಉಪ್ಪು ಬೇಕು. ಒಂದು ಕೈಯಲ್ಲಿ ಎಳೆಯನ್ನು, ಇನ್ನೊಂದು ಕೈಯಲ್ಲಿ ಬಣ್ಣವನ್ನು ಹಿಡಿದುಕೊಳ್ಳುವ ದಲ್ಲಾಳಿ ಅದು. ಮಾರ್ಡೆಂಟ್ ಎನ್ನುತ್ತಾರೆ. ಎಲ್ಲರೂ ಬಳಸುವುದು ಪಟಿಕ. ಒಂದು ಕಿಲೋ ಉಣ್ಣೆಗೆ 120ರಿಂದ 150 ಗ್ರಾಂ ಪಟಿಕ ಹಾಕಿ, ಕುದಿಯಲು ಬಿಡದೆ ಸುಮಾರು ಒಂದು ಗಂಟೆ ಬಿಸಿಯಲ್ಲಿಡುತ್ತೇವೆ. ಹದವಾಗಿ ಬಳಸಿದರೆ ಪಟಿಕಕ್ಕೆ ಹೆದರಬೇಕಿಲ್ಲ. ಕಬ್ಬಿಣದ ಉಪ್ಪು ಬಣ್ಣವನ್ನು ಕಪ್ಪಾಗಿಸುತ್ತದೆ. ಉಣ್ಣೆಯ ತೂಕದ ಒಂದೆರಡು ಶೇಕಡಾ ದಾಟಿದರೆ ನೂಲು ಒರಟಾಗಿ, ವರ್ಷಗಳಲ್ಲಿ ಪಿಸಿಯತೊಡಗುತ್ತದೆ. ತಾಮ್ರ ನೀರಿನ ಜೀವಿಗಳಿಗೆ ವಿಷ. ಕ್ರೋಮ್ ಹಿಂದೆ ಬಳಸುತ್ತಿದ್ದರು, ಬಣ್ಣ ಚೆನ್ನಾಗಿ ಬರುತ್ತಿತ್ತು, ಆದರೆ ಅದರ ಒಂದು ರೂಪ ಕ್ಯಾನ್ಸರ್ ತರುವಂಥದ್ದು. ಕ್ರೋಮ್ ಮುಟ್ಟುವವರ ಹತ್ತಿರ ನೂಲು ಕೊಳ್ಳಬೇಡಿ.

ಹಾಗಾದರೆ ಗಿಡದ ಬಣ್ಣಕ್ಕೂ ಕಾರ್ಖಾನೆ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ನಿಮ್ಮ ಗಿರಾಕಿ ಅಂದುಕೊಂಡ ಜಾಗದಲ್ಲಿಲ್ಲ. ಮಂಜಿಷ್ಠ ಜಾತಿಯ ಮ್ಯಾಡರ್ ಗಿಡದ ಬೇರಿನಲ್ಲಿರುವ ಮುಖ್ಯ ಕೆಂಪು ಅಲಿಜರಿನ್. 1868ರಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಇಬ್ಬರು ಜರ್ಮನ್ ರಸಾಯನ ವಿಜ್ಞಾನಿಗಳು ಅದನ್ನೇ ಪ್ರಯೋಗಶಾಲೆಯಲ್ಲಿ ಮಾಡಿದರು. ನೀಲಿಯೂ ಅಷ್ಟೆ. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ಇಂಡಿಗೊ ಮಾರುಕಟ್ಟೆಗೆ ತಂದಿತು. ಗಿಡದ ಇಂಡಿಗೊ ಅಣು, ಕಾರ್ಖಾನೆಯ ಇಂಡಿಗೊ ಅಣು ಎರಡೂ ಒಂದೇ. ನೀವಾಗಲಿ ನಾನಾಗಲಿ ಲಡಿ ನೋಡಿ ಹೇಳಲು ಆಗುವುದಿಲ್ಲ. ಪೆಟ್ರೋಲಿಯಂನಿಂದ ಬಂದದ್ದೋ ಗಿಡದಿಂದ ಬಂದದ್ದೋ ಎಂದು ಖಚಿತವಾಗಿ ತಿಳಿಯಲು ಇಂಗಾಲದ ವಯಸ್ಸು ಹೇಳುವ ಕಾರ್ಬನ್-14 ಪರೀಕ್ಷೆಯೇ ಆಗಬೇಕು. ಹಾಗಾಗಿ ‘ನೈಸರ್ಗಿಕ ನೀಲಿ’ ಎಂಬ ಚೀಟಿಯ ಹಿಂದೆ ಇರುವುದು ಬಣ್ಣ ಹಾಕಿದವರ ಮಾತು ಅಷ್ಟೆ. ಅವರನ್ನು ಎಷ್ಟು ನಂಬುತ್ತೀರೋ ಅಷ್ಟೇ ಆ ಚೀಟಿಯ ಬೆಲೆ.

‘ಗಿಡದ್ದು ಮಾಸುತ್ತದೆ, ಕೆಮಿಕಲ್ ಉಳಿಯುತ್ತದೆ’ ಅನ್ನುವುದೂ ಅರ್ಧ ಸತ್ಯವೇ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮೊದಲ ಕೃತಕ ನೇರಳೆಯನ್ನು ಕಂಡುಹಿಡಿದ ಮೇಲೆ ಬಂದ ಅನಿಲೀನ್ ಎಂಬ ಎಷ್ಟೋ ಕಾರ್ಖಾನೆ ಬಣ್ಣಗಳು ಬಿಸಿಲಿಗೆ ನಿಲ್ಲುತ್ತಿರಲಿಲ್ಲ. ರತ್ನಗಂಬಳಿಗಳ ಹೆಸರು ಕೆಡುತ್ತಿದೆ ಎಂದು ಪರ್ಷಿಯಾದಲ್ಲಿ 19ನೇ ಶತಮಾನದ ಕೊನೆಯಲ್ಲಿ ಅವನ್ನು ನಿಷೇಧಿಸಿದ್ದರು. ಇಂದಿನ ಒಳ್ಳೆಯ ಆಸಿಡ್ ಬಣ್ಣಗಳು ಬೇರೆ ಮಟ್ಟದವು, ಉಣ್ಣೆಯಲ್ಲಿ ಅವುಗಳ ತಾಳಿಕೆಗೆ ಬಹುಪಾಲು ಗಿಡದ ಬಣ್ಣಗಳು ಸಾಟಿಯಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಮಗುವಿನ ಸ್ವೆಟರಿಗೆ ‘ನ್ಯಾಚುರಲ್’ ಎಂದು ಕೇಳಿ ಬರುವವರು ನಿಮಗೂ ಸಿಕ್ಕಿರುತ್ತಾರೆ. ಗಿಡದ್ದು ಅಂದ ಮಾತ್ರಕ್ಕೆ ಮಗು ಚೀಪಲು ಸುರಕ್ಷಿತ ಎಂದಾಗುವುದಿಲ್ಲ. ಅವರಿಗೆ ಬಣ್ಣವೇ ಹಾಕದ ಉಣ್ಣೆ ಕೊಡಿ. ಅದಾಗದಿದ್ದರೆ ಜವಳಿಯಲ್ಲಿ ಹಾನಿಕರ ವಸ್ತು ಇದೆಯೇ ಎಂದು ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100ರ ಮೊದಲ ದರ್ಜೆಯ ಗುರುತಿರುವ ನೂಲು ತೋರಿಸಿ. ಮೂರು ವರ್ಷದ ಒಳಗಿನ ಮಕ್ಕಳ ವಸ್ತುಗಳಿಗೆ ಇರುವ ದರ್ಜೆ ಅದು.

ಇಷ್ಟೆಲ್ಲ ಕೇಳಿ ‘ಮತ್ತೆ ಯಾಕೆ ಬೇಕು ಈ ಸಹವಾಸ’ ಅನಿಸಬಹುದು. ನನಗೂ ಅನಿಸಿದ್ದಿದೆ. ಆದರೆ ಒಂದು ಕೆಲಸ ಮಾಡಿ. ಮಂಜಿಷ್ಠದ ಕೆಂಪು ಲಡಿಯೊಂದನ್ನು, ಅದೇ ಛಾಯೆಯ ಮಿಲ್ಲಿನ ಕೆಂಪನ್ನು ಬಾಗಿಲ ಬೆಳಕಿಗೆ ಒಟ್ಟಿಗೆ ಹಿಡಿಯಿರಿ. ಮಿಲ್ಲಿನದು ಒಂದೇ ಕೆಂಪು. ಮಂಜಿಷ್ಠದಲ್ಲಿ ಇಟ್ಟಿಗೆ ಇದೆ, ಕಿತ್ತಳೆ ಇದೆ, ಒಳಎಳೆಯಲ್ಲಿ ಸ್ವಲ್ಪ ಕಂದು ಇದೆ. ಬೇರಿನಲ್ಲಿ ಒಂದಲ್ಲ, ಹಲವು ಬಣ್ಣದ ವಸ್ತುಗಳಿರುತ್ತವೆ. ಎಲ್ಲವೂ ಸ್ವಲ್ಪ ಸ್ವಲ್ಪ ಎಳೆಗೆ ಹತ್ತಿರುತ್ತವೆ. ಅದಕ್ಕೇ ಗಿಡದ ಬಣ್ಣಗಳನ್ನು ಯಾವುದರ ಪಕ್ಕ ಯಾವುದನ್ನಿಟ್ಟರೂ ಜಗಳ ಆಡುವುದಿಲ್ಲ. ಹೆಣೆಯುವವರಿಗೆ ಇದು ಬಾಯಲ್ಲಿ ಹೇಳಲು ಬರದಿದ್ದರೂ ಕೈಗೆ ತಿಳಿಯುತ್ತದೆ. ಅವರು ಮೂರು ಪಟ್ಟು ಕೊಟ್ಟು ಕೊಂಡದ್ದು ಈ ಕಾರಣಕ್ಕೆ. ‘ಕೆಮಿಕಲ್ ಇಲ್ಲ’ ಅನ್ನುವುದು ಅವರು ತಮಗೆ ತಾವೇ ಕೊಟ್ಟುಕೊಂಡ ನೆಪ. ನೀವು ಆ ನೆಪವನ್ನು ಮಾರಬೇಡಿ, ಬಣ್ಣವನ್ನು ಮಾರಿ.

ಮೂರು ಪಟ್ಟು ಯಾಕೆ ಅನ್ನುವುದನ್ನೂ ಗಿರಾಕಿಗೆ ಹೇಳಬಹುದು, ಮುಚ್ಚಿಡುವಂಥದ್ದೇನಿಲ್ಲ. ಒಂದು ಕಿಲೋ ಉಣ್ಣೆಗೆ ಒಳ್ಳೆಯ ಕೆಂಪು ಬರಲು ಆಸಿಡ್ ಬಣ್ಣ 10ರಿಂದ 20 ಗ್ರಾಂ ಸಾಕು. ಮಂಜಿಷ್ಠದ ಒಣಬೇರಾದರೆ ಅರ್ಧ ಕಿಲೋದಿಂದ ಒಂದು ಕಿಲೋ ಬೇಕು. ಅದನ್ನು ನೆನೆಸಬೇಕು, ಸೋಸಬೇಕು, ಬಿಸಿ ಜಾಸ್ತಿಯಾದರೆ ಕೆಂಪು ಕಂದಾಗುತ್ತದೆ ಎಂದು ಪಕ್ಕದಲ್ಲೇ ನಿಂತಿರಬೇಕು. ನೀರು, ಉರುವಲೂ ಜಾಸ್ತಿ. ಹಾಗಾಗಿ ಪರಿಸರಕ್ಕೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ತೀರ್ಪು ಕೊಡಬೇಡಿ. ಅದು ಹಂಡೆಯ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ಮುಂದಿನ ಲಾಟ್ ಬಂದಾಗ ಹಣ ಕೊಡುವ ಮುಂಚೆ ನೀವೇ ಪರೀಕ್ಷೆ ಮಾಡಿ. ಲ್ಯಾಬ್ ಬೇಕಿಲ್ಲ. ಪ್ರತಿ ಬಣ್ಣದ್ದು ಒಂದೊಂದು ಮಾದರಿ ಎಳೆ ಮೊದಲೇ ಕೇಳಿ ಪಡೆಯಿರಿ. ಬಿಳಿ ಹತ್ತಿ ಬಟ್ಟೆಯಿಂದ ಒಣಗಿದ್ದಾಗ ಹತ್ತು ಸಲ ಉಜ್ಜಿ, ಬಟ್ಟೆ ಒದ್ದೆ ಮಾಡಿ ಇನ್ನೊಂದು ಹತ್ತು ಸಲ ಉಜ್ಜಿ. ಒದ್ದೆಯಲ್ಲಿ ಸ್ವಲ್ಪ ನೀಲಿ ಹತ್ತಿದರೆ ಕ್ಷಮಿಸಬಹುದು, ಒಣಗಿದ್ದಾಗಲೇ ಹತ್ತಿದರೆ ವಾಪಸ್ ಕಳಿಸಿ. ಆಮೇಲೆ ಆ ಎಳೆಯನ್ನು ಬಿಳಿ ಉಣ್ಣೆ, ಬಿಳಿ ಹತ್ತಿ ಎಳೆಗಳ ಜೊತೆ ಜಡೆ ಹೆಣೆದು, ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಾಗೇ ಒಣಗಿಸಿ. ಬಿಳಿ ಎಳೆಗಳೇ ಸಾಕ್ಷಿ ಹೇಳುತ್ತವೆ. ಒಂದು ತುದಿಗೆ ವಿನೆಗರಿನ ಹನಿ, ಇನ್ನೊಂದು ತುದಿಗೆ ಅಡುಗೆ ಸೋಡ ಕದಡಿದ ನೀರಿನ ಹನಿ ಹಾಕಿ ನೋಡಿ. ಬಣ್ಣ ಬದಲಾದರೆ ಆ ಲಡಿಯ ಚೀಟಿಯಲ್ಲಿ ‘ವಾಷಿಂಗ್ ಪೌಡರ್ ಬೇಡ’ ಎಂದು ದೊಡ್ಡದಾಗಿ ಬರೆಯಬೇಕು.

ಕೊನೆಯದು ಬಿಸಿಲಿನ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದೇ ಮುಖ್ಯ. ರಟ್ಟಿನ ಪಟ್ಟಿಗೆ ಎಳೆಗಳನ್ನು ಸಾಲಾಗಿ ಸುತ್ತಿ, ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ನಾಲ್ಕು ವಾರ ಇಡಿ. ಜೊತೆಗೆ ನಿಮಗೆ ನಂಬಿಕೆಯಿರುವ ಮಿಲ್ಲಿನ ನೂಲು ಒಂದನ್ನೂ ಸುತ್ತಿ. ನಾಲ್ಕು ವಾರದ ನಂತರ ಹಾಳೆ ತೆಗೆದಾಗ ಗೆರೆ ಎದ್ದು ಕಂಡರೆ ಆ ಬಣ್ಣ ಬೇಡ. ಗೆರೆ ಹುಡುಕಬೇಕಾದರೆ ಕೊಳ್ಳಿ. ದೊಡ್ಡ ಲ್ಯಾಬುಗಳು ಮಾಡುವುದೂ ಹೆಚ್ಚುಕಮ್ಮಿ ಇದೇ. ಅವರು ಹೋಲಿಕೆಗೆ ಇಡುವುದು ಎಂಟು ನೀಲಿ ಉಣ್ಣೆ ಪಟ್ಟಿಗಳನ್ನು. ಒಂದನೆಯದು ಬೇಗ ಮಾಸುತ್ತದೆ, ಎಂಟನೆಯದು ಬಹಳ ನಿಧಾನ. ಇಡೀ ಜವಳಿ ಲೋಕ ಬೆಳಕಿನ ತಾಳಿಕೆ ಅಳೆಯುವ ಅಳತೆಗೋಲು ನಮ್ಮ ಉಣ್ಣೆಯದೇ ಅನ್ನುವುದು ನನಗೆ ಒಂಥರಾ ಹೆಮ್ಮೆ.

ಈಗ ವ್ಯಾಪಾರದ ಮಾತು. ನಿಲ್ಲಿಸಿಬಿಡುವುದು ಒಂದು ದಾರಿ, ಅದರಲ್ಲಿ ಅವಮಾನವಿಲ್ಲ. ಆದರೆ ನಿಮ್ಮ ಅಂಗಡಿಗೆ ಜನ ಬರಲು ಅದೂ ಒಂದು ಕಾರಣವಾಗಿದ್ದರೆ ನಷ್ಟ ಆ ನೂಲಿನದಷ್ಟೇ ಆಗುವುದಿಲ್ಲ, ಅದರ ಜೊತೆ ಅವರು ಕೊಳ್ಳುತ್ತಿದ್ದ ಕಡ್ಡಿ, ಗುಂಡಿ, ಮಿಲ್ಲಿನ ನೂಲು ಎಲ್ಲದರದ್ದೂ ಆಗುತ್ತದೆ. ನೀವೇ ಹಿತ್ತಿಲಲ್ಲಿ ಬಣ್ಣ ಹಾಕುವುದು ಇನ್ನೊಂದು ದಾರಿ. ಹೊಸಬರಿಗೆ ನಾನು ಬೇಡ ಅನ್ನುತ್ತೇನೆ. ಅಡುಗೆಗೆ ಬಳಸದ ಬೇರೆ ಪಾತ್ರೆ ಬೇಕು, ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಂಗಡಿ ಬಾಗಿಲು ಮುಚ್ಚಿ ಹಂಡೆಯ ಮುಂದೆ ನಿಲ್ಲುವ ದಿನಗಳು ಬೇಕು. ನನ್ನ ಅಂಗಡಿ ಸೊರಗಿದ್ದು ಹಾಗೆಯೇ.

ನಿಮ್ಮ ಜಾಗದಲ್ಲಿದ್ದರೆ ನಾನು ಬಣ್ಣಗಳ ಪಟ್ಟಿಯನ್ನು ಚಿಕ್ಕದು ಮಾಡುತ್ತಿದ್ದೆ. ಇಂಡಿಗೊ ನೀಲಿ, ಮಂಜಿಷ್ಠದ ಕೆಂಪು, ಅರಗು ಅಥವಾ ಕಾಚಿನೀಲ್, ಎಲೆಯಡಿಕೆಗೆ ಹಾಕುವ ಕಾಚಿನ ಕಂದು, ದಾಳಿಂಬೆ ಸಿಪ್ಪೆಯ ಮಂಕು ಹಳದಿ. ಸಾಕು. ಬಣ್ಣ ಹಾಕುವವರಿಗೆ ಈ ಐದನ್ನೇ ಹಾಕಿ ಕೊಡಿ ಎಂದು ಹೇಳಿ. ಗಿಡದ ಹೆಸರು, ಮಾರ್ಡೆಂಟಿನ ಹೆಸರು, ಲಾಟ್ ನಂಬರು ಮೂರೂ ಚೀಟಿಯಲ್ಲಿ ಇರಬೇಕು ಎಂದು ಹಟ ಹಿಡಿಯಿರಿ. ‘ಅದು ನಮ್ಮ ಸೀಕ್ರೆಟ್’ ಅನ್ನುವವರ ಹತ್ತಿರ ಕೊಳ್ಳಬೇಡಿ. ಹದ ಸೀಕ್ರೆಟ್ ಇರಬಹುದು, ಗಿಡದ ಹೆಸರಿಗೆ ಸೀಕ್ರೆಟ್ ಏನು? ಮೊದಲ ವರ್ಷ ‘ಮಾರಿದ ಮೇಲೆ ದುಡ್ಡು’ ಎಂದು ಮಾತಾಡಿ ನೋಡಿ. ತಮ್ಮ ಬಣ್ಣದ ಮೇಲೆ ನಂಬಿಕೆ ಇರುವವರು ಅರ್ಧ ಲಾಟಿಗಾದರೂ ಒಪ್ಪುತ್ತಾರೆ.

ಲಾಟ್ ವಿಷಯದಲ್ಲಿ ಇನ್ನೂ ಬರದ ಒಂದು ದೂರನ್ನು ಈಗಲೇ ಹೇಳಿಬಿಡುತ್ತೇನೆ. ದೊಡ್ಡವರ ಒಂದು ಸ್ವೆಟರಿಗೆ ಮಧ್ಯಮ ದಪ್ಪದ ನೂಲು ನೂರು ಗ್ರಾಮಿನ ಐದಾರು ಲಡಿ ಬೇಕು. ನೀವು ಪ್ರತಿ ಬಣ್ಣದಲ್ಲಿ ಮೂರು ಲಡಿ ತರಿಸಿದರೆ ನೋಡಲು ಚೆಂದ, ಗಿರಾಕಿಗೆ ಸಂಕಟ. ಮುಂದಿನ ಹಂಡೆಯಲ್ಲಿ ಅದೇ ಕೆಂಪು ಬರುವುದಿಲ್ಲ. ಬೇರು ಬೇರೆ, ನೀರು ಬೇರೆ. ಒಮ್ಮೆ ಒಬ್ಬರಿಗೆ ಮೂರು ಲಡಿ ಕೊಟ್ಟು ‘ಇನ್ನೆರಡು ಆಮೇಲೆ ಕೊಡುತ್ತೇನೆ’ ಅಂದಿದ್ದೆ. ಆಮೇಲೆ ಬಂದದ್ದು ಟೊಮೇಟೊ ಬದಲು ಇಟ್ಟಿಗೆ. ಅವರ ಸ್ವೆಟರಿಗೆ ತೋಳೇ ಇಲ್ಲದೆ ಹೋಯಿತು, ಕೊನೆಗೆ ಬನಿಯನ್ ಮಾಡಿಕೊಂಡರು. ಹಾಗಾಗಿ ಕಡಿಮೆ ಬಣ್ಣ ತರಿಸಿ, ಆದರೆ ಪ್ರತಿ ಬಣ್ಣದಲ್ಲಿ ಒಂದೇ ಹಂಡೆಯ ಆರೇಳು ಲಡಿ ಇರಲಿ. ಒಂದೇ ಹಂಡೆಯ ಲಡಿಗಳಲ್ಲೂ ಸಣ್ಣ ಏರುಪೇರು ಇರುತ್ತದೆ. ಎರಡು ಲಡಿ ಜೊತೆಗಿಟ್ಟುಕೊಂಡು ಎರಡೆರಡು ಸಾಲಿಗೊಮ್ಮೆ ಬದಲಿಸುತ್ತಾ ಹೆಣೆದರೆ ಪಟ್ಟೆ ಬೀಳುವುದಿಲ್ಲ ಎಂದು ಕೊಡುವಾಗಲೇ ಹೇಳಿ.

ಜೊತೆಗೆ ಬಣ್ಣವೇ ಹಾಕದ ನೂಲು ಒಂದು ಕಪಾಟು ತುಂಬಿಸಿ. ಕಂದು, ಬೂದು, ಕಪ್ಪು ಕುರಿಗಳ ಉಣ್ಣೆ ಹಾಗೇ ನೂತದ್ದು. ‘ಕೆಮಿಕಲ್ ಬೇಡ’ ಎಂದು ಗಟ್ಟಿ ಮನಸ್ಸು ಮಾಡಿ ಬಂದವರಿಗೆ ನಿಜವಾಗಿ ಕೊಡಬೇಕಾದ ನೂಲು ಅದು. ಅದೂ ಬಿಸಿಲಿಗೆ ಸ್ವಲ್ಪ ಬಿಳಿಚುತ್ತದೆ, ಕಪ್ಪು ಕುರಿಯ ಬೆನ್ನಿನ ಉಣ್ಣೆಯ ತುದಿ ಕೆಂಚಗಿರುವುದನ್ನು ನೋಡಿರುತ್ತೀರಿ. ಆದರೆ ಯಾರೂ ಕುರಿಯ ಮೇಲೆ ದೂರು ತರುವುದಿಲ್ಲ.

‘ಕೆಮಿಕಲ್ ಇಲ್ಲ ತಾನೇ?’ ಅಂದವರಿಗೆ ನಾನು ಹೇಳುತ್ತಿದ್ದ ಮಾತು ಹೀಗಿತ್ತು: ‘ಬಣ್ಣ ಬೇರಿನದು, ಹಿಡಿಸಲು ಪಟಿಕ ಹಾಕಿದ್ದಾರೆ. ಬಿಸಿಲಲ್ಲಿ ಒಣಗಿಸಬೇಡಿ, ಉಣ್ಣೆಯ ಸೋಪಿನಲ್ಲೇ ತೊಳೆಯಿರಿ. ಐದಾರು ವರ್ಷದಲ್ಲಿ ಬಣ್ಣ ಸ್ವಲ್ಪ ಮೆತ್ತಗಾಗುತ್ತದೆ.’ ಇಷ್ಟು ಕೇಳಿಯೂ ಹತ್ತರಲ್ಲಿ ಏಳು ಜನ ಕೊಂಡರು. ಉಳಿದ ಮೂವರು ಕೊಂಡಿದ್ದರೆ ದೂರು ತರುತ್ತಿದ್ದವರೇ.

ಈ ವಾರ ಮಾಡಬೇಕಾದದ್ದು ಇಷ್ಟು. ನೀಲಿಯವರಿಗೂ ಟೋಪಿಯವರಿಗೂ ಫೋನ್ ಮಾಡಿ ಮೇಲೆ ಹೇಳಿದ ದಾರಿ ತಿಳಿಸಿ. ಹಳದಿ ಶಾಲಿನವರಿಗೆ ನೂಲಿನ ಹಣ ವಾಪಸ್ ಕೊಟ್ಟುಬಿಡಿ, ಅಥವಾ ಆ ಶಾಲನ್ನು ನೀಲಿ ಹಂಡೆಯಲ್ಲಿ ಅದ್ದಿಸಿ ಕೊಡುತ್ತೇನೆ ಎಂದು ಕೇಳಿ ನೋಡಿ. ಹಸಿರು ಏರುಪೇರಾಗಿ ಬರುತ್ತದೆ ಎಂದು ಮೊದಲೇ ಹೇಳಿ, ಆ ಹಳದಿ ಇನ್ನೂ ಹಾರುತ್ತದೆ, ಕೊನೆಗೆ ನೀಲಿ ಶಾಲೇ ಉಳಿಯುತ್ತದೆ ಅನ್ನುವುದನ್ನೂ ಹೇಳಿ. ಒಪ್ಪಿದರೆ ಅವರ ಶಾಲೂ ಉಳಿಯುತ್ತದೆ, ನಿಮ್ಮ ಗಿರಾಕಿಯೂ ಉಳಿಯುತ್ತಾರೆ. ಆ ಖರ್ಚಿನಲ್ಲಿ ಅರ್ಧ ಬಣ್ಣ ಹಾಕಿದವರು ಹೊರಲಿ.

ಮಾಸಿದ ಗುಲಾಬಿ ಲಡಿಗಳನ್ನು ಮಾರಬೇಡಿ. ಎರಡನ್ನು ಮಂಜಿಷ್ಠದಲ್ಲಿ ಮತ್ತೆ ಅದ್ದಲು ಕಳಿಸಿ. ಒಂದನ್ನು ಹಾಗೇ ಕೌಂಟರಿನ ಮೇಲಿಡಿ, ಮಾಸಿದ ಮಗ್ಗುಲು ಮೇಲೆ ಮಾಡಿ. ‘ಬಿಸಿಲಿಗೆ ಇಟ್ಟರೆ ಏನಾಗುತ್ತೆ?’ ಎಂದು ಯಾರಾದರೂ ಕೇಳಿದಾಗ ಲಡಿಯನ್ನು ಅವರ ಕೈಗೇ ಕೊಟ್ಟು ತಿರುಗಿಸಿ ನೋಡಲು ಹೇಳಿ.